ಸೀದ ವಾಸನೆ

೧೦ ಫೆಬ್ರವರಿ ೨೦೦೮, ಭಾನುವಾರ

ಮದುವೆ ಅಡುಗೆಯಲ್ಲಿ ಆಗಬಾರದ್ದು ಆಯಿತು. ಈ ಡೈರಿಯಲ್ಲಿ ನಾನು ಬರೆಯುವುದು ಯಾರ ಮನೆ ಅಡುಗೆ, ಯಾವ ಛತ್ರ, ಏನು ಸಿಹಿ, ಅಷ್ಟೇ. ಇವತ್ತು ಬೇರೆ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಿದರೆ ಜಗಳವಾಗುತ್ತದೆ. ಕಾಗದ ತಿರುಗಿ ಮಾತಾಡುವುದಿಲ್ಲ.

ಚಾಮರಾಜಪೇಟೆಯ ಛತ್ರ. ಧಾರೆ ಮುಗಿದಿತ್ತು, ಹುಳಿ ಇಳಿದಿತ್ತು, ಶಾವಿಗೆ ಪಾಯಸ ಒಲೆಯ ಮೇಲಿತ್ತು. ಆಗ ಮೂಗಿಗೆ ಸೀದ ವಾಸನೆ ಬಡಿಯಿತು. ತುಪ್ಪ ಕರಕಲಾದ ಹಾಗೆ, ಅದರ ಬೆನ್ನಿಗೇ ಕೂದಲು ಸುಟ್ಟ ಹಾಗೆ. ಪಾಯಸ ನೋಡಿಕೊಳ್ಳುತ್ತಿದ್ದವನು ಚಂದ್ರಶೇಖರಯ್ಯ, ನನ್ನ ಜೊತೆ ಸೌಟು ಹಿಡಿದೇ ಮುದುಕನಾದವನು. ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಉದ್ದ ಸೌಟಿನಲ್ಲಿ ತಳ ಕೆರೆದು ತೋರಿಸಿದ. ಬೆಳ್ಳಗೇ ಇತ್ತು. ನಾನು ಬಿಡಲಿಲ್ಲ. ಕೊಪ್ಪರಿಗೆ ಎತ್ತಿಸಿ ಅಷ್ಟೂ ಪಾಯಸ ಮೋರಿಗೆ ಸುರಿಸಿ, ಹೊಸದಕ್ಕೆ ಹಾಲಿಡಿಸಿದೆ.

ಹೊಸ ಪಾಯಸ ಇಳಿಸುವ ಹೊತ್ತಿಗೆ ಅದೇ ವಾಸನೆ ಮತ್ತೆ ಬಂತು. ಆಮೇಲಿನದು ಗೊತ್ತಿಲ್ಲ. ತಿಳಿವು ಬಂದಾಗ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ಕೈಯಲ್ಲಿ ಸೌಟು ಹಾಗೇ ಇತ್ತು. ಎದುರಿಗೆ ಪುರೋಹಿತ ಶ್ರೀನಿವಾಸಯ್ಯ ನಿಂತು ಹೆಣ್ಣಿನ ಕಡೆಯವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ: “ನೈವೇದ್ಯಕ್ಕೆ ಮುಂಚೆ ಪಾಯಸ ರುಚಿ ನೋಡಿದಾರೆ ಇವರು. ಬಾಯಿ ಚಪ್ಪರಿಸ್ತಿದ್ದದ್ದನ್ನ ನಾನೇ ಕಣ್ಣಾರೆ ಕಂಡೆ.”

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೋದರಮಾವನ ಒಲೆಯ ಮುಂದೆ ಕೂತವನು. ಅವನು ಕಲಿಸಿದ ಮೊದಲ ಪಾಠ, ದೇವರಿಗೆ ತೋರಿಸುವ ಮುಂಚೆ ಅಡುಗೆಯವನ ನಾಲಗೆಗೆ ಒಂದು ಹನಿ ಬೀಳಕೂಡದು. ಉಪ್ಪು ಸಾಕೋ ಬೇಕೋ ಎನ್ನುವುದನ್ನು ಕುದಿಯ ವಾಸನೆಯಲ್ಲೇ ಹೇಳಬೇಕು. ಈ ಮೂಗಿನಿಂದಲೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಇವತ್ತು ಅಡುಗೆಯಷ್ಟೂ ಎಂಜಲು ಅಂತ ಅವರು ಬಾಳೆಹಣ್ಣು ತರಿಸಿ ನೈವೇದ್ಯ ಮಾಡಿದರು.

ನಾನು ರುಚಿ ನೋಡಿಲ್ಲ. ಖಂಡಿತ ನೋಡಿಲ್ಲ.

೧೩ ಫೆಬ್ರವರಿ, ಬುಧವಾರ

ರಥಸಪ್ತಮಿ. ಶಂಕರಪುರಂ ಬೀದಿಯಲ್ಲಿ ಎರಡು ಮನೆಯವರು ನನ್ನನ್ನು ನೋಡಿ ಒಳಗೆ ಹೋದರು. ಇಲ್ಲ, ಅವರಿಗೂ ಕೆಲಸವಿರಬಹುದು. ಬಸವನಗುಡಿಯ ಉಪನಯನದವರು ಫೋನ್ ಮಾಡಿ, ಅಡುಗೆಗೆ ಬೇರೆಯವರು ಗೊತ್ತಾಗಿದ್ದಾರೆ ಎಂದರು. ಕಾರಣ ಕೇಳಿದೆ. ಹೇಳಲಿಲ್ಲ. ರಿಸೀವರ್ ಕುಕ್ಕಿದೆ.

೧೫ ಫೆಬ್ರವರಿ, ಶುಕ್ರವಾರ

ಮನೆಯಲ್ಲೂ ಆಯಿತು. ಬೆಳಿಗ್ಗೆ ಸೀದ ವಾಸನೆ ಬಂತು. ಹೆಂಡತಿ ಭಾಗೀರಥಿ ಹಾಲು ಸೀಯಿಸಿದ್ದಾಳೆ ಎಂದು ಕೂಗಿದೆ. ಆಮೇಲೆ ನೋಡಿದರೆ ಸುಪ್ರಜಾ ನನ್ನ ಎರಡು ಭುಜ ಹಿಡಿದು ಅಳುತ್ತಿದ್ದಾಳೆ. ಏಳು ತಿಂಗಳ ಬಸುರಿ. ರೆಸ್ಟು ಬೇಕು ಅಂತ ಮಲ್ಲೇಶ್ವರದ ಅತ್ತೆಮನೆಯಿಂದ ಇಲ್ಲಿಗೆ ಬಂದಿರುವ ಮಗಳು ನನ್ನಿಂದ ಅಳುವ ಹಾಗಾಯಿತು. ನಾನು ಕರೆದರೂ ನೋಡುತ್ತಿರಲಿಲ್ಲವಂತೆ, ಪಂಚೆಯ ಅಂಚನ್ನು ಹೊಸೆಯುತ್ತ ಬಾಯಿ ಚಪ್ಪರಿಸುತ್ತಿದ್ದೆನಂತೆ.

ಭಾಗೀರಥಿ ಆಗ ಬಾಯಿ ಬಿಟ್ಟಳು. ದಸರಾದಿಂದ ನೋಡುತ್ತಿದ್ದಾಳಂತೆ, ಪೂಜೆಗೆ ಕೂತಾಗ ಎರಡು ಮೂರು ಸಲ. ತುಳಸಿ ಅಗಿಯುತ್ತಿದ್ದೇನೆ ಎಂದುಕೊಂಡಳಂತೆ. ಮುಂಚೆಯೇ ಯಾಕೆ ಬೊಗಳಲಿಲ್ಲ ಎಂದರೆ, “ನಿಮಗೆ ಹೇಳೋರು ಯಾರು ರೀ?” ಎಂದಳು. ಹಾಲು ಸೀದಿರಲಿಲ್ಲವಂತೆ. ನಿನ್ನ ಮೂಗಿಗೇನು ಗೊತ್ತಾಗುತ್ತೆ, ಅದಿರುವುದು ಮೂಗುಬಟ್ಟು ಸಿಕ್ಕಿಸೋದಕ್ಕೆ ಎಂದೆ.

ಆದರೆ ಬಾಯಿ ಚಪ್ಪರಿಸಿದ್ದು ನಿಜ. ಹಾಗಾದರೆ ಛತ್ರದಲ್ಲಿ? ಸೌಟು ಕೈಯಲ್ಲಿತ್ತು. ನನಗೇ ಗೊತ್ತಿಲ್ಲದೆ ಬಾಯಿಗೆ ಹೋಯಿತೇ? ಗೊತ್ತಿಲ್ಲ. ನನ್ನ ಬಾಯಿ ಏನು ಮಾಡಿತು ಅಂತ ನನಗೇ ಗೊತ್ತಿಲ್ಲ ಎಂದು ಬರೆಯುವಾಗ ಕೈ ತಣ್ಣಗಾಗುತ್ತಿದೆ.

೧೮ ಫೆಬ್ರವರಿ, ಸೋಮವಾರ

ಅಳಿಯ ಅಭಿರಾಮ ಬ್ಯಾಂಕಿಗೆ ರಜೆ ಹಾಕಿ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಮಾಧವಿ ಅಂತ, ನಮ್ಮ ಸುಪ್ರಜಾಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ನನ್ನನ್ನು ಕೇಳಿದ್ದಕ್ಕೆ ಏನೂ ಇಲ್ಲ, ಉಷ್ಣ ಎಂದೆ. ಆಕೆ ಕುರ್ಚಿ ತಿರುಗಿಸಿ ಭಾಗೀರಥಿಯನ್ನು ಕೇಳಿದಳು. ಇವಳು ಬಿಚ್ಚಿದಳು ನೋಡಿ ಗಂಟು: ಯಾವಾಗ, ಎಷ್ಟು ಹೊತ್ತು, ಯಾವ ಕೈ, ಆಮೇಲೆ ಮಂಕಾಗಿ ಕೂರುವುದು, ಎಲ್ಲ. ಡಾಕ್ಟರು ಬರೆದುಕೊಂಡಳು. ನನ್ನ ಹೆಂಡತಿಯ ಮಾತನ್ನು ಯಾರಾದರೂ ಬರೆದುಕೊಳ್ಳುವುದನ್ನು ನಾನು ಇದೇ ಮೊದಲು ಕಂಡದ್ದು.

ಫಿಟ್ಸ್ ಅಂತೆ. ನನಗೆ ರೇಗಿತು. ಫಿಟ್ಸ್ ಅಂದರೆ ಬಿದ್ದು ಒದ್ದಾಡುವುದು, ನಾನೇನೂ ಬಿದ್ದಿಲ್ಲ ಎಂದೆ.

“ಎಲ್ಲ ಫಿಟ್ಸೂ ಹಾಗೆ ಇರಲ್ಲ, ನರಸಿಂಹಯ್ಯನೋರೇ. ವಾಸನೆ ಗೊತ್ತುಮಾಡೋ ಜಾಗದಲ್ಲಿ ಕಿಡಿ ಹತ್ತಿದ್ರೆ ಇಲ್ಲದ ವಾಸನೆ ಬರುತ್ತೆ. ಕಿಡಿ ಪಕ್ಕಕ್ಕೆ ಹಬ್ಬಿದ್ರೆ ಬಾಯಿ ತಾನಾಗಿ ಆಡುತ್ತೆ, ನಿಮಗೆ ಗೊತ್ತೇ ಆಗಲ್ಲ.”

ಮಾತ್ರೆ ಕೊಟ್ಟಳು. ಎಂಆರ್‌ಐಗೆ ಬರೆದಳು. ಕೊನೆಯಲ್ಲಿ, ಒಲೆಯ ಹತ್ತಿರ ಹೋಗಕೂಡದು, ಕಾದ ಎಣ್ಣೆಯ ಹತ್ತಿರವಂತೂ ಸುಳಿಯಕೂಡದು ಎಂದಳು. ನನಗೆ ಬೇರೆ ಎಲ್ಲಿಗೆ ಹೋಗಿ ಗೊತ್ತು?

೨೩ ಫೆಬ್ರವರಿ, ಶನಿವಾರ

ಎಂಆರ್‌ಐ ಆಗಿ ಎರಡು ದಿನವಾಯಿತು. ಗೂಡಿನೊಳಗೆ ತಳ್ಳಿ ಖಾಲಿ ಕೊಪ್ಪರಿಗೆ ಬಡಿದ ಹಾಗೆ ಬಡಿದರು. ಇವತ್ತು ಡಾಕ್ಟರು ಫಿಲಂ ದೀಪಕ್ಕೆ ಹಿಡಿದು ತೋರಿಸಿದಳು. ನನ್ನ ತಲೆಯೊಳಗೆ, ಬಲಗಡೆ, ಕಿವಿಯ ಮೇಲೆ ಒಂದು ರಕ್ತನಾಳವಿದೆ. ಅದು ಎಲ್ಲರಿಗಿರುವ ಹಾಗಿಲ್ಲ. ಕೊತ್ತಂಬರಿ ಸೊಪ್ಪನ್ನು ಬೇರು ಸಮೇತ ಕಿತ್ತರೆ ಹೇಗಿರುತ್ತದೆ? ಸಣ್ಣ ಸಣ್ಣ ಎಳೆಗಳು ಬಂದು ಒಂದು ದಪ್ಪ ದಂಟಿಗೆ ಸೇರಿಕೊಂಡಿವೆ. ಹಾಗೇ ಇದೆ. ಹುಟ್ಟುವಾಗಲೇ ಬಂದದ್ದಂತೆ. ಎಷ್ಟೋ ಜನಕ್ಕೆ ಇರುತ್ತದೆ, ಬಹಳ ಜನಕ್ಕೆ ಸಾಯುವತನಕ ಏನೂ ಮಾಡುವುದಿಲ್ಲ, ಎಲ್ಲೋ ಕೆಲವರಿಗೆ ಹೀಗೆ ತೊಂದರೆ ಕೊಡುತ್ತದೆ ಎಂದಳು.

ಅಷ್ಟೇ ಆಗಿದ್ದರೆ ಸರಿಯಿತ್ತು. ಆ ಬೇರಿನ ಪಕ್ಕದಲ್ಲಿ ಒಂದು ಮಬ್ಬು ಇದೆ. ಅದು ಏನು ಎಂದು ಈ ಫಿಲಂನಿಂದ ಹೇಳಲಾಗುವುದಿಲ್ಲವಂತೆ. ಆ ನಾಳದ ದೆಸೆಯಿಂದ ಸುತ್ತಲ ಜಾಗ ಮಂಕಾಗಿರಬಹುದು. ಇಲ್ಲದಿದ್ದರೆ ಗೆಡ್ಡೆ ಇರಬಹುದು. ಮಂಕಾದರೆ ಮಾತ್ರೆ ಸಾಕು. ಗೆಡ್ಡೆಯ ಗುಮಾನಿ ಬಂದರೆ ತಲೆ ತೆರೆದು ನೋಡಬೇಕಾದೀತು.

ಗೊತ್ತುಮಾಡಿಕೊಳ್ಳುವುದಕ್ಕೆ ಪೆಟ್ ಸ್ಕ್ಯಾನ್ ಅಂತ ಇದೆಯಂತೆ. ಮಿದುಳು ಸಕ್ಕರೆ ತಿಂದು ಕೆಲಸ ಮಾಡುತ್ತದಂತೆ. ಕಿರಣ ಬರುವ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಎಲ್ಲಿ ಎಷ್ಟು ತಿಂದಿತು ಎಂದು ಚಿತ್ರ ತೆಗೆಯುತ್ತಾರೆ. ಗೆಡ್ಡೆಯಾದರೆ ಬಕಾಸುರನ ಹಾಗೆ ತಿನ್ನುವುದೇ ಹೆಚ್ಚು. ಮಂಕು ಜಾಗ ಅರೆಹೊಟ್ಟೆ ತಿನ್ನುತ್ತದೆ. ಇದು ನನಗೆ ಅರ್ಥವಾಯಿತು. ಒಲೆ ಉರಿಯುತ್ತಿದೆಯೋ ನಂದುತ್ತಿದೆಯೋ ಅಂತ ನೋಡುವುದು, ಅಷ್ಟೇ ತಾನೆ. ಅರ್ಥವಾದ ಮೇಲೆ ಭಯ ಇನ್ನೂ ಜಾಸ್ತಿಯಾಯಿತು.

೨೪ ಫೆಬ್ರವರಿ, ಭಾನುವಾರ

ಪೂಜೆಗೆ ತೆಂಗಿನಕಾಯಿ ಕೈಗೆ ತೆಗೆದುಕೊಂಡೆ. ಎಷ್ಟು ಕಾಯಿ ಒಡೆದ ಕೈ ಇದು. ಒಂದೇ ಏಟಿಗೆ ಎರಡು ಹೋಳು, ನೀರು ಚೆಲ್ಲದ ಹಾಗೆ. ಇವತ್ತು ಅದರ ಜುಟ್ಟು, ಕಣ್ಣು ನೋಡಿ ಕೈ ಏಳಲಿಲ್ಲ. ಭಾಗೀರಥಿಯ ಕೈಗೆ ಕೊಟ್ಟು, ಕೈ ನೋವು ಎಂದೆ. ಅವಳು ಏನೂ ಕೇಳದೆ ಹಿತ್ತಲಿಗೆ ತೆಗೆದುಕೊಂಡು ಹೋಗಿ ಒಡೆದಳು. ಸದ್ದು ನನಗೆ ಕೇಳಬಾರದು ಅಂತ ಹೋದಳೋ ಏನೋ.

೨೯ ಫೆಬ್ರವರಿ, ಶುಕ್ರವಾರ

ಇವತ್ತು ಸ್ಕ್ಯಾನ್ ಆಗಬೇಕಿತ್ತು. ಆಗಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಬನ್ನಿ, ಸಿಹಿಯಂತೂ ಏನೂ ಕೂಡದು, ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ ಅಂತ ಹೇಳಿದ್ದರು. ಉಪವಾಸ ನನಗೇನು ಹೊಸದೇ? ನಿನ್ನೆ ಸಂಜೆಯಿಂದ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹೋಗುವ ದಾರಿಯಲ್ಲಿ ದೇವಸ್ಥಾನಕ್ಕೆ ನುಗ್ಗಿದೆ. ಅಭಿಷೇಕ ಆಗಿತ್ತು. ಅರ್ಚಕರು ಪಂಚಾಮೃತ ಕೊಟ್ಟರು. ಮೂರು ಸಲ ಕೈಯೊಡ್ಡಿದೆ. ಭಯಕ್ಕೆ ಇನ್ನೊಂದು ಸಲವೂ ಒಡ್ಡಿದೆ, ಅವರು ನನ್ನ ಮುಖ ನೋಡಿ ದೊನ್ನೆಯಲ್ಲೇ ಹಾಕಿಕೊಟ್ಟರು. ಹಿಂದೆ ನಿಂತಿದ್ದ ಭಾಗೀರಥಿ, ರೀ, ಸಿಹಿ ಅಲ್ವೇನ್ರೀ, ಜೇನುತುಪ್ಪ, ಬಾಳೆಹಣ್ಣು ಎಲ್ಲ ಇದೆ ಎಂದು ಪಂಚೆ ಎಳೆದಳು. “ತೀರ್ಥ ಊಟ ಅಲ್ಲ ಕಣೇ, ಅದರಿಂದ ಯಾವ ಉಪವಾಸ ಮುರಿದದ್ದುಂಟು? ತೆಪ್ಪಗಿರು,” ಎಂದೆ. ದೊನ್ನೆ ಬರಿದು ಮಾಡಿದೆ.

ಅಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಏರಿ ಕೂತಿದೆ. ಟೆಕ್ನಿಷಿಯನ್ ಅಂತೆ, ಸಣಕಲ ಆಸಾಮಿ, ಏನು ತಿಂದ್ರಿ ಎಂದ. ಏನೂ ಇಲ್ಲ ಎಂದು ಆಣೆಯಿಟ್ಟೆ. ಸುಳ್ಳು ಹೇಳಲಿಲ್ಲ, ತಿಂದಿರಲಿಲ್ಲವಲ್ಲ. ಭಾಗೀರಥಿ ಪಂಚಾಮೃತ ಎಂದಳು. ರಕ್ತದಲ್ಲಿ ಆಗಲೇ ಇಷ್ಟು ಸಕ್ಕರೆ ಇದ್ದರೆ ಮಿದುಳು ಔಷಧದ ಸಕ್ಕರೆಯನ್ನು ಮುಟ್ಟುವುದಿಲ್ಲ, ಚಿತ್ರ ಸುಳ್ಳು ಹೇಳುತ್ತೆ, ಇನ್ನೊಂದು ದಿನ ಬನ್ನಿ ಎಂದ. ತೀರ್ಥಕ್ಕೂ ತಿಂಡಿಗೂ ವ್ಯತ್ಯಾಸ ಗೊತ್ತಿಲ್ಲದ ಮಷೀನು ಯಾವ ಸೀಮೆಯ ಮಷೀನಯ್ಯಾ ಅಂತ ಕೂಗಾಡಿದೆ. ಅಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಒಬ್ಬಳಿಗೆ ತಲೆಗೂದಲೇ ಇರಲಿಲ್ಲ. ಸುಮ್ಮನಾದೆ.

ಒಂದು ವಾರ ಮುಂದಕ್ಕೆ ಹೋಯಿತು. ಒಳಗಿರುವುದು ಗೆಡ್ಡೆಯಾಗಿದ್ದರೆ ಈ ವಾರದಲ್ಲಿ ಎಷ್ಟು ಬೆಳೆಯುತ್ತದೆ? ಕೇಳಬೇಕಿತ್ತು. ಕೇಳಲಿಲ್ಲ.

೧ ಮಾರ್ಚ್, ಶನಿವಾರ

ಯಾರ ಜೊತೆಯೂ ಮಾತಿಲ್ಲ.

೪ ಮಾರ್ಚ್, ಮಂಗಳವಾರ

ಚಂದ್ರಶೇಖರಯ್ಯ ಬಂದಿದ್ದ. ಹಾದುಹೋಗುತ್ತಿದ್ದೆ ಎಂದ. ಅವನಿಗೆ ಈ ಕಡೆ ಯಾವ ದಾರಿಯೂ ಇಲ್ಲ. ಸುಪ್ರಜಾಳ ಸೀಮಂತಕ್ಕೆ ತಾನು ಅಡುಗೆ ಮಾಡಲೇ ಎಂದು ಕೇಳುವುದಕ್ಕೆ ಬಂದಿದ್ದ, ಕೇಳುವುದಕ್ಕೆ ಕಾಫಿ ಎರಡು ಸಲ ಕುಡಿಯಬೇಕಾಯಿತು. ಹತ್ತೊಂಬತ್ತಕ್ಕೆ ಸೀಮಂತ. ಬೀಗರಿಗೆ ನಾನೇ ಮಾತು ಕೊಟ್ಟಿದ್ದೆ, ಅವತ್ತಿನ ಪಾಯಸ ನನ್ನ ಕೈಯದು ಅಂತ. ಶಾಸ್ತ್ರ ಮಾಡಿಸುವವನೂ ಅದೇ ಶ್ರೀನಿವಾಸಯ್ಯ. ಬೀಗರ ಮನೆಗೂ ಅವನೇ ಪುರೋಹಿತ, ಏನು ಮಾಡುವುದು.

ಅವತ್ತು ನಾನು ರುಚಿ ನೋಡಿದ್ದು ನಿಜವೇನಯ್ಯಾ ಎಂದು ಕೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟ.

“ಸೌಟು ಒಣಗಿತ್ತು, ನರಸಿಂಹಯ್ಯನೋರೇ. ನೀವು ಅದನ್ನ ಅದ್ದೇ ಇರಲಿಲ್ಲ. ನಾನು ಅಲ್ಲೇ ಅಂದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಷ್ಟು ಬೈಸ್ಕೊಂಡ ಮೇಲೂ ನಿಮ್ಮ ಪರ ಮಾತಾಡ್ತಿದೀನಿ ಅಂದ್ರೆ ನಿಜಾನೇ ಇರಬೇಕಲ್ವಾ?”

ಅವನ ಎದುರಿಗೆ ನಗು ಬಂತು. ಅವನು ಹೋದ ಮೇಲೆ ನಡುಮನೆಯಲ್ಲಿ ಕೂತಿದ್ದಾಗ ಮತ್ತೆ ವಾಸನೆ ಎದ್ದ ಹಾಗಾಯಿತು. ಕೂಗಲು ಬಾಯಿ ತೆರೆದವನು, ಕೂಗದೆ, ಒಲೆಯ ಮೇಲೆ ಏನಾದರೂ ಇದೆಯೇನೇ ಎಂದು ಕೇಳಿದೆ. ಇಲ್ಲ ಎಂದು ಭಾಗೀರಥಿ ಓಡಿಬಂದು ನನ್ನ ಕೈ ಹಿಡಿದು ಕೂತಳು. ಈ ಸಲ ಮಬ್ಬು ಕವಿಯಲಿಲ್ಲ. ವಾಸನೆ ಬಂದು ಹೋಯಿತು. ಮಾತ್ರೆ ಹಿಡಿದಿರಬಹುದು ಎಂದಳು. ಅವಳ ಕೈಯೂ ತಣ್ಣಗಿತ್ತು.

೬ ಮಾರ್ಚ್, ಗುರುವಾರ

ಶಿವರಾತ್ರಿ. ನಾಳೆ ಸ್ಕ್ಯಾನ್. ಬುದ್ಧಿ ಬಂದಾಗಿನಿಂದ ಜಾಗರಣೆ ತಪ್ಪಿಸಿದವನಲ್ಲ. ಚೆನ್ನಾಗಿ ನಿದ್ದೆ ಮಾಡಿ ಬರಬೇಕು, ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು ಎಂದಿದ್ದಾರೆ. ಸ್ಕ್ಯಾನ್ ಹೊತ್ತಿನಲ್ಲೇ ಬಂದುಬಿಟ್ಟರೆ ಮಂಕಾಗಿರುವ ಜಾಗವೂ ಧಗ್ ಅಂತ ಉರಿದು, ಗೆಡ್ಡೆಯ ಹಾಗೆ ಕಾಣಬಹುದಂತೆ. ನಾಳೆ ಅಮಾವಾಸ್ಯೆ ಬೇರೆ. ಭಾಗೀರಥಿಗೆ ಅಮಾವಾಸ್ಯೆ ಅಂದರೆ ಆಗದು. ಆದರೂ, ಆಗಲಿ ರೀ, ಹೋಗಿಬಂದ್ಬಿಡೋಣ, ಇನ್ನು ಕಾಯೋಕಾಗಲ್ಲ ಎಂದಳು.

ಸಂಜೆ ಪೂಜೆಯ ತೀರ್ಥ ಕೈಗೆ ಹಾಕಿಕೊಂಡು, ಇದನ್ನು ತಗೋಬಹುದೇನೇ ಎಂದೆ. ಬರೀ ನೀರು, ತಗೊಳ್ಳಿ ಎಂದಳು. ತಗೊಂಡೆ. ಮಲಗುತ್ತೇನೆ. ಶಿವ ಒಬ್ಬನೇ ಎದ್ದಿರಲಿ.

೭ ಮಾರ್ಚ್, ಶುಕ್ರವಾರ

ಮುಗಿಯಿತು. ಬೆರಳಿನ ರಕ್ತ ಸರಿಯಾಗಿತ್ತು. ಅದೇ ಸಣಕಲ ಆಸಾಮಿ ನಕ್ಕು, ಇವತ್ತು ದೇವಸ್ಥಾನ ಬಾಗಿಲು ಹಾಕಿತ್ತಾ ತಾತ ಎಂದ. ಬೈಯಲಿಲ್ಲ.

ಸೂಜಿ ಹಾಕಿ ಕತ್ತಲ ಕೋಣೆಯಲ್ಲಿ ಮಲಗಿಸಿದರು. ಮಾತಾಡಬಾರದು, ಅಲುಗಾಡಬಾರದು, ಏನನ್ನೂ ಯೋಚಿಸದೆ ಸುಮ್ಮನಿರಬೇಕು. ಮಾತಾಡದಿರುವುದೇ ನನಗೆ ಶಿಕ್ಷೆ, ಯೋಚಿಸದಿರುವುದು ಹೇಗೆ? ಅಲ್ಲಿ ಭಯ ಬಂದು ಎದೆಯ ಮೇಲೆ ಕೂತಿತು. ಇಲ್ಲಿಯವರೆಗೆ ಹೀಗೆ ಕೂತಿರಲಿಲ್ಲ. ವಾಸನೆ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಫಿನಾಯಿಲ್ ಬಂತು. ಸ್ಪಿರಿಟ್ ಬಂತು. ಒಗೆದ ದುಪ್ಪಟಿಯ ಸೋಪು ಬಂತು. ಒಂದೊಂದು ಬಂದಾಗಲೂ ಎದೆ ಡವ್ ಎಂದಿತು, ಅದೇನೋ, ಇದೇನೋ ಎಂದು. ಇಷ್ಟು ವರ್ಷ ನನಗೆ ದಾರಿ ತೋರಿಸಿದ ಮೂಗಿಗೆ ಹೆದರಿ, ಅಂಗಾತ ಮಲಗಿ ಬಾಯಿಯಲ್ಲಿ ಉಸಿರಾಡಿದೆ. ಕಣ್ಣೀರು ಬಂದು ಕಿವಿಯೊಳಗೆ ಇಳಿಯಿತು. ಅಲುಗಾಡಬಾರದು ಎಂದಿದ್ದರಿಂದ ಒರೆಸಿಕೊಳ್ಳಲಿಲ್ಲ. ಕೊನೆಗೆ ಮನಸ್ಸಿನಲ್ಲೇ ಹುಳಿ ಮಾಡಲು ಶುರುಮಾಡಿದೆ. ಬೇಳೆ ತೊಳೆದೆ, ನೀರಿಟ್ಟೆ, ಅರಿಶಿನ ಹಾಕಿದೆ. ಒಗ್ಗರಣೆಗೆ ಬರುವ ಮುಂಚೆ ಕರೆದರು. ಒಳ್ಳೆಯದಾಯಿತು, ಒಗ್ಗರಣೆ ಹಾಕಲು ನನಗೆ ಧೈರ್ಯವಿರಲಿಲ್ಲ.

ಹೊರಡುವಾಗ ಇನ್ನೊಂದು ಹೇಳಿದರು. ಮೈಯಲ್ಲಿ ಇನ್ನೂ ಕಿರಣವಿದೆ, ಸಂಜೆಯವರೆಗೆ ಬಸುರಿಯರ, ಮಕ್ಕಳ ಹತ್ತಿರ ಹೋಗಬೇಡಿ. ಮನೆಯಲ್ಲಿ ಸುಪ್ರಜಾ. ನಾನು ಮನೆಗೆ ಹೋಗಲಿಲ್ಲ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತೆ. ಮಡಿಯಲ್ಲಿದ್ದಾಗ ಎಷ್ಟು ಜನಕ್ಕೆ ದೂರ, ದೂರ ಎಂದಿದ್ದೇನೆ. ಇವತ್ತು ಒಂದು ಮಗು ಚೆಂಡಿನ ಹಿಂದೆ ಓಡಿಬಂದಾಗ, ದೂರ ಇರು ಕಂದಾ ಎಂದು ಕೈಮುಗಿದೆ.

ಭಾಗೀರಥಿ ಮಜ್ಜಿಗೆ, ಮೊಸರನ್ನ ತಂದು ಪಕ್ಕದಲ್ಲೇ ಕೂತಳು. ದೂರ ಕೂರೇ, ಕಿರಣ ಇದೆ ಎಂದರೆ, “ಈ ವಯಸ್ಸಿಗೆ ನಾನೇನು ಬಸುರಿಯೇನ್ರೀ?” ಎಂದಳು. ಪಕ್ಕದ ಬೆಂಚಿನ ಮುದುಕರು ತಿರುಗಿ ನೋಡಿದರು. ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದಳು. ಮೊಸರನ್ನಕ್ಕೆ ಇಂಗು ಹದವಾಗಿ ಬಿದ್ದಿತ್ತು. ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು.

೧೦ ಮಾರ್ಚ್, ಸೋಮವಾರ

ಫೋನ್ ಬಂದಿಲ್ಲ.

೧೧ ಮಾರ್ಚ್, ಮಂಗಳವಾರ

ಬಂತು. ನಾಳೆ ಬರಬೇಕಂತೆ. ಹೆಂಡತಿಯನ್ನು ಕರೆದುಕೊಂಡೇ ಬನ್ನಿ ಎಂದಿದ್ದಾರೆ. ಅದು ಯಾಕೆ? ಒಳ್ಳೆಯ ಸುದ್ದಿಯಾದರೆ ಒಬ್ಬನಿಗೇ ಹೇಳಬಹುದಲ್ಲ. ಸುಪ್ರಜಾ ಸೀಮಂತದ ಸೀರೆ ತಂದು ತೋರಿಸಿದಳು. ಬಣ್ಣ ಚೆನ್ನಾಗಿದೆ ಎಂದೆ. ಯಾವ ಬಣ್ಣ ಎಂದು ಈಗ ನೆನಪಿಲ್ಲ.

೧೨ ಮಾರ್ಚ್, ಬುಧವಾರ

ಡಾಕ್ಟರು ಕಂಪ್ಯೂಟರ್ ತಿರುಗಿಸಿದಳು. ನನ್ನ ಮಿದುಳು ಬಣ್ಣಬಣ್ಣವಾಗಿ ಕಾಣುತ್ತಿತ್ತು, ಕೆಂಪು, ಹಳದಿ, ಹೊತ್ತಿಸಿದ ಒಲೆಗಳ ಸಾಲಿನ ಹಾಗೆ. ಬಲಗಡೆ, ಆ ಬೇರು ಇರುವಲ್ಲಿ, ಒಂದು ಅಂಗೈಯಗಲ ಹಸಿರು, ನೀಲಿ.

ಭಾಗೀರಥಿಯೇ ಕೇಳಿದಳು, ನೀಲಿ ಅಂದರೆ ಗೆಡ್ಡೆಯೇ ಎಂದು.

“ಅಲ್ಲಮ್ಮ. ಗೆಡ್ಡೆ ಇಷ್ಟು ಕಮ್ಮಿ ತಿನ್ನೋದು ಅಪರೂಪ. ಆ ನಾಳದ ಸುತ್ತ ಇರೋ ಭಾಗ ಸಕ್ಕರೇನ ಸರಿಯಾಗಿ ತಗೋತಿಲ್ಲ, ಅರೆನಿದ್ದೆಯಲ್ಲಿದೆ. ನೀವು ಹೇಳಿದ ವಾಸನೆ, ಬಾಯಿ ಚಪ್ಪರಿಸೋದು, ಎಲ್ಲಾ ಆ ಜಾಗಕ್ಕೇ ಹೊಂದುತ್ತೆ. ಇದೊಂದು ಚಿತ್ರ ನೋಡಿ ನೂರಕ್ಕೆ ನೂರು ಅಂತ ನಾನು ಹೇಳಲ್ಲ. ಆದ್ರೆ ಎಲ್ಲಾ ಒಂದೇ ಕಡೆ ಕೈ ತೋರಿಸ್ತಿದೆ. ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ ಮಾಡೋಣ.”

ಹಾಗಾದರೆ ಆ ನಾಳ ಕಿತ್ತುಹಾಕಿ ಎಂದೆ. ಕೂಡದು ಎಂದಳು. ಅದು ವಕ್ರವಾಗಿದ್ದರೂ ಆ ಕಡೆಯ ರಕ್ತ ಹೊರಗೆ ಹೋಗುವುದಕ್ಕೆ ಅದೊಂದೇ ದಾರಿ. ಇದ್ದೊಂದು ಬಚ್ಚಲ ತೂಬು ಮುಚ್ಚಿದರೆ ನೀರೆಲ್ಲ ಮನೆಯೊಳಗೆ ನಿಲ್ಲುತ್ತದಲ್ಲ, ಹಾಗೆ. ಅದರ ಪಾಡಿಗೆ ಅದನ್ನು ಬಿಟ್ಟು ಮಾತ್ರೆ ನುಂಗಬೇಕು. ತಲೆ ತೆರೆಯುವುದಿಲ್ಲ. ತೆರೆಯುವುದಿಲ್ಲ ಎಂದು ಎರಡು ಸಲ ಹೇಳಿಸಿದೆ.

ಹೆಂಡತಿಯನ್ನು ಯಾಕೆ ಕರೆಸಿದಿರಿ ಎಂದು ಕೇಳಿಯೇಬಿಟ್ಟೆ. ಮಾತ್ರೆಯ ಹೊತ್ತನ್ನು ನಿಮಗಿಂತ ಅವರಿಗೆ ಹೇಳುವುದು ವಾಸಿ ಅಂತ, ಎಂದಳು. ಗಟ್ಟಿ ಹೆಣ್ಣು.

ಒಲೆ ಇನ್ನೂ ಕೂಡದು. ಫಿಟ್ಸ್ ಇಲ್ಲದೆ ಆರು ತಿಂಗಳು ಕಳೆದ ಮೇಲೆ ನೋಡೋಣ ಎಂದಿದ್ದಾಳೆ. ಬರುತ್ತ ಕಾರಿನಲ್ಲಿ ಅಭಿರಾಮ, ಖುಷಿನಾ ಮಾವ ಎಂದ. ಹೂಂ ಎಂದೆ. ನಿಜ ಹೇಳಬೇಕೆಂದರೆ, ಅದು ಈಗಲೂ ಒಳಗೇ ಇದೆ. ಹುಟ್ಟಿದಾಗಿನಿಂದ ಜೊತೆಗಿದ್ದದ್ದು ಗೊತ್ತಿರಲಿಲ್ಲ, ಇನ್ನು ಗೊತ್ತಿದ್ದೂ ಜೊತೆಗಿರಬೇಕು. ಯಾವಾಗ ವಾಸನೆ ಎಬ್ಬಿಸುತ್ತದೋ.

೧೬ ಮಾರ್ಚ್, ಭಾನುವಾರ

ಮಾತ್ರೆ ಹೆಚ್ಚು ಮಾಡಿದ್ದರಿಂದ ಮಂಪರು. ಶ್ರೀನಿವಾಸಯ್ಯನ ಮನೆಗೆ ಭಾಗೀರಥಿ ಹೋಗಿದ್ದಳಂತೆ, ನನಗೆ ತಿಳಿಸದೆ. ಏನು ಹೇಳಿದೆ ಎಂದರೆ, ಡಾಕ್ಟರು ಹೇಳಿದ್ದನ್ನೇ ಹೇಳಿದೆ ಎಂದಳು. ಅವನೇನಂದ ಎಂದರೆ, ಹಾಲು ಕಾಯಿಸಬೇಕು ಎಂದು ಒಳಗೆ ಹೋದಳು.

೧೯ ಮಾರ್ಚ್, ಬುಧವಾರ

ಸೀಮಂತ ಆಯಿತು.

ಬಸವನಗುಡಿಯ ಸಣ್ಣ ಛತ್ರ. ಅಡುಗೆಮನೆ ಹೊಸಿಲಿನ ಹೊರಗೆ ನನಗೊಂದು ಕುರ್ಚಿ. ಒಳಗೆ ಚಂದ್ರಶೇಖರಯ್ಯನ ದರ್ಬಾರು. ಪಾಯಸ ಅವನ ಕೈಯದು. ನಾನು ಮಾತು ಕೊಟ್ಟಿದ್ದ ಬೀಗರು ಏನೂ ಕೇಳಲಿಲ್ಲ, ಅದೂ ಚುಚ್ಚಿತು. ಕಾಯಿ ಒಡೆಯುವ ಸದ್ದಿಗೆ ನಾನು ಈಗಲೂ ತಲೆ ಬಗ್ಗಿಸುತ್ತೇನೆ. ಅಷ್ಟರಲ್ಲಿ ಶ್ರೀನಿವಾಸಯ್ಯ ಬಂದು ಹೊಸಿಲ ಹತ್ತಿರ ನಿಂತ. ಚಂದ್ರಶೇಖರಯ್ಯನನ್ನು ಕೇಳಬಹುದಿತ್ತು, ನನ್ನ ಕಡೆ ತಿರುಗಿ, “ನೈವೇದ್ಯಕ್ಕೆ ಆಯ್ತೇ, ನರಸಿಂಹಯ್ಯನೋರೇ?” ಎಂದ. ಕ್ಷಮಿಸಿ ಗಿಮಿಸಿ ಏನೂ ಇಲ್ಲ. ಅಷ್ಟೇ. ಸಾಕು.

ಆಯಿತು ಎನ್ನಲು ಬಾಯಿ ತೆರೆದೆ. ಸೀದ ವಾಸನೆ ಬಂತು.

ಇವತ್ತೇ. ಈಗಲೇ. ಇವನ ಎದುರಿಗೇ. ಹಸೆಯ ಮೇಲೆ ಮಗಳು ಕೂತಿದ್ದಾಳೆ, ನೂರು ಜನ ಇದ್ದಾರೆ, ನಾನು ಬಾಯಿ ಚಪ್ಪರಿಸುತ್ತ ಕೂರುತ್ತೇನೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಕಣ್ಣು ಕತ್ತಲಾಗುವುದನ್ನು ಕಾದೆ. ಆಗಲಿಲ್ಲ, ವಾಸನೆಯೂ ಹೋಗಲಿಲ್ಲ. ಭಾಗೀರಥಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೋಗುತ್ತಿದ್ದಳು. ಸೆರಗು ಹಿಡಿದು ನಿಲ್ಲಿಸಿದೆ. ಎಲ್ಲರೆದುರಿಗೆ ಹೆಂಡತಿಯ ಸೆರಗು ಹಿಡಿದವನಲ್ಲ ನಾನು.

“ಭಾಗೀರಥೀ, ನಿನ್ನ ಮೂಗಿಗೆ ಬರ್ತಿದೆಯಾ?”

ಅವಳು ನನ್ನ ಮುಖ ನೋಡಿದಳು. ತಟ್ಟೆಯನ್ನು ಶ್ರೀನಿವಾಸಯ್ಯನ ಕೈಗೇ ಕೊಟ್ಟಳು. ತಲೆ ಎತ್ತಿ, ಕಣ್ಣು ಮುಚ್ಚಿ, ಉಸಿರೆಳೆದಳು. ಅಷ್ಟು ಹೊತ್ತು ನಾನು ಉಸಿರಾಡಲಿಲ್ಲ.

“ಬರ್ತಿದೆ ರೀ. ತಳ ಹತ್ತಿದೆ.”

ಶ್ರೀನಿವಾಸಯ್ಯನೂ ಮೂಗರಳಿಸಿ, ಹೌದು, ನನಗೂ ಬಂತು ಎಂದ. ಒಳಗೆ ಚಂದ್ರಶೇಖರಯ್ಯ ಕೊಪ್ಪರಿಗೆಗೆ ಸೌಟು ಹಾಕಿ ಕೆರೆದ. ಸೌಟು ಕರ್ರಗೆ ಮೇಲೆ ಬಂತು. ನನಗೆ ಏನಾಗುತ್ತದೋ ಎಂದು ನನ್ನನ್ನೇ ನೋಡುತ್ತ ಪಾಯಸ ಮರೆತನಂತೆ, ಬೆಪ್ಪ. ಕೆನ್ನೆ ಕೆನ್ನೆ ಬಡಿದುಕೊಂಡ. ನೈವೇದ್ಯಕ್ಕೆ ಹೋಳಿಗೆ ತೆಗೆದುಕೊಂಡು ಹೋದರು. ಪಾಯಸವನ್ನು ಮೋರಿಗೆ ಸುರಿಯೋಣವೇ ಎಂದು ಅವನು ಅಳುವ ಹಾಗೆ ಕೇಳಿದ. ಮುಚ್ಕೊಂಡು ಮೇಲಿನದನ್ನು ಬಡಿಸೋ ಎಂದೆ.

ನನ್ನ ಎಲೆಗೂ ಬಂತು. ಸಿಹಿ ಕೂಡದು ಎಂದು ಭಾಗೀರಥಿ ಎದುರಿನಿಂದ ಕಣ್ಣು ಬಿಟ್ಟಳು. ಸೀದೇ ಇತ್ತು. ಗಂಟಲು ಕೆರೆಯುವಷ್ಟು ಸೀದಿತ್ತು. ಎರಡು ಸಲ ಹಾಕಿಸಿಕೊಂಡೆ.